ಖಾಲಿ ಕುರ್ಚಿಯ ಅಳತೆ

ಹನುಮೇಶ ಮಾಡಿದ ತಪ್ಪು ಇಷ್ಟೇ: ಸ್ಕ್ಯಾನ್ ಮಾಡುವ ಮೊದಲು ಕುರ್ಚಿಯಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಕೇಳಲಿಲ್ಲ. ಖಾಲಿ ಕುರ್ಚಿಯ ಮುಂದೆ ನಿಂತು ಯಾರು ತಾನೇ ಹಾಗೆ ಕೇಳುತ್ತಾರೆ?

ಮಣಿಪಾಲದ ವರ್ಕ್‌ಶಾಪಿನ ಧಣಿ ಹೆರಾಲ್ಡ್ ವಸ್ತುಗಳ ಅಳತೆ ಹಿಡಿಯುವ ಆ ಲೇಸರ್ ಯಂತ್ರವನ್ನು ಒಂದು ದಿನದ ಪರೀಕ್ಷೆಗೆ ತರಿಸಿದ್ದ. "ಕಲ್ಯಾಣಪುರದ ಬರ್ತಾಬಾಯಿಯ ಮನೆಯಲ್ಲಿ ಅವರ ತೀರಿಹೋದ ಗಂಡ ಮೌರಿಸನ ಕುರ್ಚಿ ಉಂಟು. ದುಬೈಯಲ್ಲಿರುವ ಮಗನಿಗೆ ಅಂಥದ್ದೇ ಬೇಕಂತೆ. ಸರಿಯಾಗಿ ಹಿಡಿದರೆ ನಿನ್ನ ಕೆಲಸ ಕಾಯಂ. ಇಲ್ಲದಿದ್ದರೆ ಬೇರೆ ಜನ ನೋಡ್ತೇನೆ. ನಾಲ್ಕಕ್ಕೆ ನಾನೇ ಬರ್ತೇನೆ." ಕೊಪ್ಪಳದಿಂದ ಬಂದು ನಾಲ್ಕು ವರ್ಷ ದಿನಗೂಲಿಯಲ್ಲೇ ಇದ್ದ ಹನುಮೇಶ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಬಸ್ಸು ಹತ್ತಿದ್ದ.

ಬರ್ತಾಬಾಯಿಯ ಮನೆಯಲ್ಲಿ ಮುಕ್ಕಾಲಿಯ ಮೇಲೆ ಟ್ರ್ಯಾಕರ್ ಕ್ಯಾಮೆರಾ, ಮೀನಿನ ತಟ್ಟೆ ಕಾಯುವ ಬೆಕ್ಕಿನ ಹಾಗೆ, ಅವನ ಕೈಯ ಸ್ಕ್ಯಾನರನ್ನೇ ನೋಡುತ್ತಿತ್ತು. ಸ್ಕ್ಯಾನರಿನ ಕೆಂಪು ಗೆರೆ ಸವರಿದ್ದೆಲ್ಲ ಲ್ಯಾಪ್‌ಟಾಪಿನಲ್ಲಿ ಬೂದು ಆಕಾರವಾಗಿ ಮೂಡುತ್ತಿತ್ತು.

"ಜಾಗ್ರತೆ" ಎಂದಳು ಬರ್ತಾಬಾಯಿ. "ಅದರಲ್ಲಿ ಅವರನ್ನು ಬಿಟ್ಟು ಬೇರೆ ಯಾರೂ ಕೂತಿಲ್ಲ."

ಕುರ್ಚಿಯ ಕಾಲು ಮೂಡಿತು, ಕೈ ಮೂಡಿತು. ಆಮೇಲೆ ಆಸನದ ಮೇಲೆ ಏನೋ ದುಂಡಗೆ ಉಬ್ಬತೊಡಗಿತು.

"ಹೊಟ್ಟೆ" ಎಂದಳು ನೆರೆಮನೆಯ ರೋಸಿ, ಅರ್ಧ ಮೀನು ಹೆಚ್ಚಿಟ್ಟು ನೋಡಲು ಬಂದವಳು. "ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ಇದು ಮೌರಿಸ್ ಬಾಬನ ಹೊಟ್ಟೆಯೇ!"

ಹೊಟ್ಟೆಯ ಮೇಲೆ ಶರ್ಟು, ಶರ್ಟಿನಲ್ಲಿ ಗುಂಡಿಗಳು. ನಡುವಿನದು ಇರಲಿಲ್ಲ.

"ಹೊಲಿದು ಕೊಡ್ತೇನೆ ಅಂದಿದ್ದೆ" ಎಂದಳು ಬರ್ತಾಬಾಯಿ, ಮೆಲ್ಲಗೆ.

ಹನುಮೇಶ ಕುರ್ಚಿಯೊಳಗೆ ಕೈ ಚಾಚಿದ. ಬರೀ ಗಾಳಿ. ತುಸು ಬೆಚ್ಚಗಿತ್ತು.

"ಹಿಂದಿನವ್ರು ಯಾರನ್ನೋ ಹಿಡದಿದ್ದು ಇದರಾಗ ಉಳದೈತಿ, ಅಷ್ಟ ಬಾಯಾರ" ಎಂದು ತನಗೇ ಸಮಾಧಾನ ಹೇಳಿಕೊಂಡು ಅವನು ಅಳಿಸುವ ಗುಂಡಿ ಒತ್ತಿದ. ಪರದೆಯಿಂದ ಹೊಟ್ಟೆ ಹೋಯಿತು. ಕುರ್ಚಿಯೂ ಹೋಯಿತು.

ಬರ್ತಾಬಾಯಿ ಯಂತ್ರದ ವಯರನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. "ಅವರನ್ನು ಎಲ್ಲಿಗೆ ಕಳಿಸಿದ್ದು? ತಂದು ಕೂರಿಸು. ಆಮೇಲೆ ನಿನ್ನ ಕೆಲಸ."

ಗಂಟೆ ಮೂರು. ದಾರಿ ತೋರಿಸಿದ್ದು ರೋಸಿ. "ಬಾಬನ ಶರ್ಟು ಉಂಟಲ್ವಾ? ನೀನೇ ಹಾಕಿಕೊಂಡು ಕೂರು ಮಾರಾಯ. ಬರ್ತಾಬಾಯಿಗೆ ಸಮಾಧಾನ ಆಗಲಿ, ಮತ್ತೆ ಬರೀ ಕುರ್ಚಿ ಹಿಡಿ. ಈ ಕೆಂಪು ಲೈಟು ನಾನು ತೋರಿಸ್ತೇನೆ."

ಹೊಟ್ಟೆಗೆ ದಿಂಬು ಕಟ್ಟಿಕೊಂಡು ಹನುಮೇಶ ಕೂತ.

"ಉಸಿರಾಡಬೇಡ" ಎಂದಳು ಬರ್ತಾಬಾಯಿ. "ಅವರು ಆಡ್ತಾ ಇರಲಿಲ್ಲ."

ರೋಸಿ ಮೀನಿನ ಪೊರೆ ಕೆರೆಯುವ ಹಾಗೆ ಸ್ಕ್ಯಾನರನ್ನು ಮೇಲಿನಿಂದ ಕೆಳಕ್ಕೆ, ಒಂದು ಸಂದೂ ಬಿಡದೆ ಎಳೆದಳು. ಕೆಂಪು ಗೆರೆ ಅವನ ಮೂಗಿನ ಮೇಲೆ ಹಾದುಹೋಯಿತು. ಬೆನ್ನಿಗೆ ಕುರ್ಚಿಯ ಮರ ತಾಗಲಿಲ್ಲ. ಯಾರದೋ ತೊಡೆಯ ಮೇಲೆ, ಯಾರದೋ ಎದೆಗೆ ಒರಗಿ ಕೂತಂತೆ ಅನಿಸಿತು. ಅವನು ನಿಜಕ್ಕೂ ಉಸಿರಾಡಲಿಲ್ಲ.

"ಆಯ್ತು" ಎಂದಳು ರೋಸಿ. ಮೂವರೂ ಪರದೆಗೆ ಬಾಗಿದರು.

ಕುರ್ಚಿ. ಕೆತ್ತನೆಯ ಹೂವಿನ ಎಸಳೂ ಎಣಿಸುವಷ್ಟು ಸ್ಪಷ್ಟ. ಅದರಲ್ಲಿ ಯಾರೂ ಇರಲಿಲ್ಲ.

ಹನುಮೇಶ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ. ಅಷ್ಟರಲ್ಲಿ ಹೆರಾಲ್ಡನ ಜೀಪು ಬಂತು. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು.

"ಎಂಥ ಕ್ಲೀನ್!" ಹೆರಾಲ್ಡ್ ಪರದೆಯನ್ನು ಮುದ್ದಿಸುವುದೊಂದು ಬಾಕಿ. "ಯಾರು ಹಿಡಿದದ್ದು?"

"ನಾನು" ಎಂದಳು ರೋಸಿ.

"ಮೊದಲ ಸಲವಾ?"

"ಹೌದು. ಮೀನು ಅಲ್ಲೇ ಬಿಟ್ಟು ಬಂದದ್ದು."

"ನಾಳೆಯಿಂದ ವರ್ಕ್‌ಶಾಪಿಗೆ ಬನ್ನಿ. ಕಾಯಂ." ಹೆರಾಲ್ಡ್ ಹನುಮೇಶನತ್ತ ತಿರುಗಿದ. "ಇವರು ದುಡಿಯುವಾಗ ನೀನು ಎಲ್ಲಿ ಹಾಳಾಗಿದ್ದಿ?"

"ಕುರ್ಚ್ಯಾಗ ಕುಂತಿದ್ನಿರಿ ಸಾರ್."

ಹೆರಾಲ್ಡ್ ಪರದೆಯ ಕುರ್ಚಿಯನ್ನು ಹಿಂದೆ ಮುಂದೆ ತಿರುಗಿಸಿದ, ತಲೆಕೆಳಗು ಮಾಡಿಯೂ ನೋಡಿದ. "ಎಲ್ಲಿ?"

"ನೀವಾದ್ರೂ ಹೇಳ್ರಿ ಬಾಯಾರ!"

ಬರ್ತಾಬಾಯಿ ಅವನ ಮೈಮೇಲಿಂದ ಶರ್ಟನ್ನು ಬಿಡಿಸಿಕೊಂಡು ಕುರ್ಚಿಯ ಪಕ್ಕ ನೆಲದಲ್ಲಿ ಕೂತು, ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನಾನು ಸುಳ್ಳು ಹೇಳುವುದಿಲ್ಲ" ಎಂದಳು. "ಅದರಲ್ಲಿ ಅವರನ್ನು ಬಿಟ್ಟು ಬೇರೆ ಯಾರೂ ಕೂತಿಲ್ಲ."