ಬ್ಯಾರನ್ ಗಾಜಿನ ಮುಂದೆ ನಮ್ಮ ಮಾವ

ನಮ್ಮ ಸೋದರಮಾವನಂಥ ಕೆಲಸಗಾರ ಹುಣಸೂರು ತಾಲ್ಲೂಕಿನಲ್ಲೇ ಹುಟ್ಟಿರಲಿಲ್ಲ. ಹಾಗೆಂದು ಹೇಳುತ್ತಿದ್ದವರು ಅವರೇ, ದಿನಕ್ಕೆ ಆರು ಸಲ! ಅವರು ತೀರಿಕೊಂಡು ತಿಂಗಳಾಯಿತು. ಹೇಳುವವರಿಲ್ಲದೆ ಈಗ ನಾನು ಹೇಳಬೇಕಾಗಿದೆ.

ಕಟ್ಟೆಮಳಲವಾಡಿಯ ಹತ್ತಿರ ಸಾಹುಕಾರರೊಬ್ಬರ ಹೊಗೆಸೊಪ್ಪು ಒಣಗಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಅವರು ಮೇಸ್ತ್ರಿ, ನಾನು ಒಲೆ ನೋಡಿಕೊಳ್ಳುವವನು. ಹಸಿ ಸೊಪ್ಪನ್ನು ಒಳಗೆ ತೂಗುಹಾಕಿ, ದಿನಗಟ್ಟಲೆ ಹದವಾಗಿ ಬಿಸಿ ಕೊಟ್ಟರೆ ಬಂಗಾರದ ಬಣ್ಣ ಬರುತ್ತದೆ. ಒಳಗಿನ ಥರ್ಮಾಮೀಟರ್ ನೋಡಲು ಗೋಡೆಯಲ್ಲೊಂದು ಗಾಜು. ಮಾವ ಅದರ ಮುಂದೆ ನಿಂತರೆ ಕಾಣುತ್ತಿದ್ದುದು ಅವರದೇ ಮೀಸೆ! ಅದನ್ನು ತೀಡಿ, ಕ್ರಾಪು ಬಾಚಿ, ತೃಪ್ತಿಯಿಂದ ಹಿಂದಿರುಗುತ್ತಿದ್ದರು.

"ಬಿಸಿ ಎಷ್ಟೈತೆ ಮಾವ?"

"ನಾನು ನೋಡಿದ ಮ್ಯಾಕೆ ಸರಿಯಾಗೇ ಇರ್ತದೆ ಕಣ್ಲಾ!"

ಸೊಪ್ಪು ಕಟ್ಟುವ ಚೆನ್ನಮ್ಮ ಒಮ್ಮೆ, ಒತ್ತಾಗಿ ಕಟ್ಟಿದರೆ ಗಾಳಿಯಾಡುವುದಿಲ್ಲ ಎಂದಳು. ಬೈಸಿಕೊಂಡಳು. ಮರುದಿನ ಅದೇ ಮಾತನ್ನು ಮಾವ ನಮಗೆಲ್ಲ ಬೋಧಿಸಿದರು! ಅಂದಿನಿಂದ ಅವಳು ದಾರಿ ಕಂಡುಕೊಂಡಳು.

"ನೆನ್ನೆ ನೀವೇ ಅಂದ್ರಲ್ಲ ಮೇಸ್ತ್ರೀ, ಒಣಗಿದ ಸೌದೇನೇ ಆಗ್ಬೇಕು ಅಂತ?"

"ಊಂ, ಅಂದಿದ್ದೆ!"

ಅಂದಿದ್ದರೇ? ಎಲ್ಲಿ ಬಂತು! ಆದರೆ ಒಣಸೌದೆ ಮಾತ್ರ ಬಂತು.

ನನಗೆ ಆ ಜಾಣತನವಿರಲಿಲ್ಲ. ಎಂಟು ವರ್ಷ ಬೆಂಕಿಯ ಮುಂದೆ ಬೆಂದರೂ "ಇದು ನೀನು ಮಾಡಿದ್ದು" ಎಂಬ ಒಂದು ಮಾತಿಲ್ಲ. ಯಾರ ಮೀಸೆಗೋ ನನ್ನ ಬೆವರೇಕೆ ಎನಿಸಿತು. ಒಂದು ಮಧ್ಯಾಹ್ನ ಒಲೆಗೆ ಸಿಕ್ಕಷ್ಟು ಸೌದೆ ತುರುಕಿ ಹೊಂಗೆಮರದ ಕೆಳಗೆ ಮಲಗಿಬಿಟ್ಟೆ. ಎದ್ದಾಗ ಇಡೀ ಬ್ಯಾರನ್ನಿನ ಸೊಪ್ಪು ಸೀದು ಕಪ್ಪಾಗಿತ್ತು.

ಸಾಹುಕಾರರು ಬಂದರು. "ಯಾವನ್ಲಾ ಒಲೆ ನೋಡ್ಕತಿದ್ದೋನು? ಇವತ್ತೇ ಮನೆಗೆ ಕಳಿಸ್ತೀನಿ!"

ಮನೆಯಲ್ಲಿ ನನ್ನ ಹೆಂಡತಿ ತುಂಬು ಗರ್ಭಿಣಿ.

ಮಾವ ಎದೆಯುಬ್ಬಿಸಿ ಮುಂದೆ ಬಂದರು. "ನಾನಿರೋವಾಗ ಈ ಬ್ಯಾರನ್ನಾಗೆ ಬ್ಯಾರೆಯವ್ರು ಏನ್ ಮಾಡಾರು ಸಾವ್ಕಾರ್ರೇ? ಎಲ್ಲಾ ನಾನೇ ಮಾಡಿದ್ದು!"

ಮೇಸ್ತ್ರಿಕೆ ಹೋಯಿತು. ನನ್ನ ಒಲೆಗೇ ಸೌದೆ ಸೀಳುವ ಕೆಲಸಕ್ಕೆ ಅವರನ್ನು ಹಾಕಿದರು. ಮರುದಿನ ಕೊಡಲಿ ಹೆಗಲಿಗೇರಿಸಿ, ಗಾಜಿನಲ್ಲೊಮ್ಮೆ ನೋಡಿಕೊಂಡು ಹೇಳಿದರು: "ನನ್ನಂಗೆ ಸೌದೆ ಸೀಳೋನು ಈ ತಾಲ್ಲೂಕ್ನಾಗೇ ಇಲ್ಲ ಬುಡು!"

ಅದು ಜಂಬವೋ, ನನ್ನ ಮೇಲಿನ ಮಮತೆಯೋ? ಕೊನೆಯವರೆಗೂ ಕೇಳಲಾಗಲಿಲ್ಲ.

ನಿನ್ನೆ ಬ್ಯಾರನ್ ಬಾಗಿಲು ತೆಗೆದೆವು. ಸೊಪ್ಪು ಅಪ್ಪಟ ಬಂಗಾರ. "ಎಲ್ಲಾ ನಾನೇ ಮಾಡಿದ್ದು!" ಎಂಬ ಮಾವನ ಮಾತಿಗೆ ಎಲ್ಲರ ಕಿವಿಯೂ ಕಾಯುತ್ತಿತ್ತು.

"ಯಾರ್ ಮಾಡಿದ್ದಪ್ಪಾ ಈ ಬಣ್ಣಾನ?" ಎಂದು ಚೆನ್ನಮ್ಮ ಮೆಲ್ಲಗೆ ನನ್ನನ್ನು ಕೇಳಿದಳು.

ಇಷ್ಟು ವರ್ಷ ಕಾದಿದ್ದ ಮಾತು ಬಾಯಿಗೆ ಬಂದಿತ್ತು. ಖಾಲಿ ಗಾಜಿನ ಕಡೆ ನೋಡಿದೆ.

"ಇನ್ಯಾರು ಮಾಡಾರು ಚೆನ್ನಮ್ಮ? ಮಾವನೇ."