ಮಾವನ ಒಂದೇ ಕಾಂಪೊನೆಂಟು

ನಮ್ಮ ಸೋದರಮಾವನಂಥ ಸೋಮಾರಿ ಇಡೀ ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಆದರೆ ಸೋಮಾರಿಯಾಗಿರಲು ಆತ ಪಡುವ ಕಷ್ಟವಿದೆಯಲ್ಲ, ಅದನ್ನು ನೋಡಿದರೆ ಎತ್ತುಗಳಿಗೂ ಅಯ್ಯೋ ಎನಿಸೀತು! ಒಮ್ಮೆ ಬರೆದದ್ದನ್ನು ಮತ್ತೆ ಬರೆಯಬಾರದು ಎಂಬುದು ಆತನ ವ್ರತ.

ಶುಭಾಶಯಕ್ಕೂ ಸಾಂತ್ವನಕ್ಕೂ ಆತನ ಬಳಿ ಇರುವುದು ಒಂದೇ ಪತ್ರ. ಹೆಸರು, ಕಾರಣ ಮಾತ್ರ ಬದಲಾಗುತ್ತವೆ. ಹನುಮಸಾಗರದ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ, 'ಇದನ್ನು ಸಹಿಸುವ ಶಕ್ತಿಯನ್ನು ದೇವರು ನಿಮಗೆ ಕೊಡಲಿ' ಎಂದು ಹೋಗಿಬಿಟ್ಟಿತು. ನಮಗೆಲ್ಲ ಮುಖ ಎತ್ತಲಾಗದಂತಾಯಿತು. ಮೂರು ವಾರದ ಮೇಲೆ, ಅಳುವ ಕೂಸಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟ ಅಪ್ಪನೇ ಫೋನ್ ಮಾಡಿ, ಸರಿಯಾಗಿ ಹಾರೈಸಿದವರು ನೀವೊಬ್ಬರೇ ಎಂದನಂತೆ.

ಇಂಥವನು ವೆಬ್‌ಸೈಟ್ ಮಾಡುವ ಕಸುಬಿಗೆ ಬೀಳದೆ ಮತ್ತೇನು ಮಾಡಿಯಾನು? ಗಂಗಾವತಿಯ ಅಕ್ಕಿ ಗಿರಣಿ, ಕುಷ್ಟಗಿಯ ದವಾಖಾನೆ, ಯಲಬುರ್ಗಾದ ಹೊಲಿಗೆ ತರಬೇತಿ ಕೇಂದ್ರ, ಎಲ್ಲದಕ್ಕೂ ಹೆಸರು ಬರೆಸಿಕೊಳ್ಳುವ ಕಾಂಪೊನೆಂಟ್ ಒಂದೇ. ಆ ಕೋಡಿನ ತುಣುಕು ಸರ್ವರಿನಲ್ಲಿ ಕೂತಿರುತ್ತದೆ. ಬೇಕಾದ ಸೈಟು ಅದನ್ನೇ ಕರೆದುಕೊಳ್ಳುತ್ತದೆ. ನನಗಾದರೂ ಹೊಸದು ಬರೆದುಕೊಡಪ್ಪಾ ಎಂದು ಗಿರಣಿಯ ಮಾಲೀಕ ಗೋಗರೆದಾಗ ಮಾವ, "ನಿಮ್ಮ ಗಿರಣಿಗೆ ಬಂದ ಒಬ್ಬೊಬ್ಬ ರೈತಗೂ ಹೊಸಾ ಮಷಿನ್ ತರ್ತೀರೇನ್ರಿ?" ಎಂದು ಬಾಯಿ ಮುಚ್ಚಿಸಿದ್ದ.

ಮೊನ್ನೆ ಹೊಲಿಗೆ ಕೇಂದ್ರಕ್ಕೆ ಅರ್ಜಿ ಹಾಕಲು ಕೊನೆಯ ದಿನ. ನಾನು ಮಾವನ ಕೋಣೆಯಲ್ಲೇ ಇದ್ದೆ. ಸೈಟಿನ ಕೆಳಗಿದ್ದ ಮಾವನ ನಂಬರು ನೋಡಿ ಯಲಬುರ್ಗಾದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಹೆಸರು ದುರಗವ್ವ. ಅಡ್ಡಹೆಸರು, ಅಂದರೆ ಮನೆತನದ ಹೆಸರು, ತುಂಬದೆ ಅರ್ಜಿ ಮುಂದೆ ಹೋಗುತ್ತಿಲ್ಲವಂತೆ. ಯಾವುದಾದರೊಂದು ತುಂಬವ್ವಾ ಎಂದ ಮಾವ. ಸ್ಪೀಕರಿನಲ್ಲಿ ಆಕೆಯ ದನಿ ತಗ್ಗಿತು.

"ಗಂಡನ ಮನಿ ಬಿಟ್ಟು ಬಂದೀನ್ರಿ. ತವರಿನವ್ರು ನಮ್ಮ ಹೆಸರು ಹಚ್ಕೋಬ್ಯಾಡ ಅಂದಾರ. ಹೊಲಿಗಿ ಕಲ್ತು ನನ್ನ ಹೊಟ್ಟಿ ನಾನ ಹೊರಕೋತೀನ್ರಿ. ಯಾರ ಹೆಸರು ಬರೀಲಿ?"

ಮಾವ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡ. ಆ ಜಾಗದಲ್ಲಿ ಒಂದು ಚುಕ್ಕಿ ಇಡಲು ಹೇಳು, ಕೆಲಸ ಮುಗಿಯುತ್ತದೆ ಎಂದು ನಾನು ಪಿಸುಗುಟ್ಟಿದೆ. ಆತ ನನ್ನನ್ನು ದುರುಗುಟ್ಟಿ ನೋಡಿದ.

"ತಪ್ಪು ನಂದು. ಆಕಿ ಯಾಕ ಚುಕ್ಕಿ ಇಡ್ಬೇಕು?"

ಆ ಕಾಂಪೊನೆಂಟನ್ನು ತೆರೆದು, ಅಡ್ಡಹೆಸರು ಕಡ್ಡಾಯ ಎಂಬ ಒಂದೇ ಒಂದು ಸಾಲು ಅಳಿಸಿದ. ಮುಗಿಯಿತು! ಯಲಬುರ್ಗಾ ಮಾತ್ರವಲ್ಲ, ಕುಷ್ಟಗಿ, ಗಂಗಾವತಿ, ಆತ ಮಾಡಿದ ಅಷ್ಟೂ ಸೈಟುಗಳು ಆ ಕ್ಷಣದಿಂದ ಯಾವ ಹೆಣ್ಣುಮಗಳನ್ನೂ ನೀನು ಯಾರ ಮನೆಯವಳು ಎಂದು ಕೇಳುವುದನ್ನು ಬಿಟ್ಟವು. ಸೋಮಾರಿತನದ ಇಂಥ ದಿಗ್ವಿಜಯವನ್ನು ನಾನು ಕಂಡಿರಲಿಲ್ಲ.

ಆಕೆ ಮತ್ತೊಮ್ಮೆ ಅರ್ಜಿ ಕಳಿಸುವ ಬಟನ್ ಒತ್ತಿದಳು. ಅರ್ಜಿ ಹೋಯಿತು. ಹೆಸರು ಏನೆಂದು ಬಂದಿದೆ, ಓದಿ ಹೇಳು ಎಂದ ಮಾವ. ಆಕೆ ನಿಧಾನವಾಗಿ "ದುರಗವ್ವ" ಎಂದು ಓದಿ, ತುಸು ತಡೆದು, "ಅಷ್ಟ ಐತ್ರಿ" ಎಂದಳು.

"ಅಷ್ಟ ಸಾಕವ್ವ," ಎಂದ ಮಾವ.