ಪೂಲಿನ ಹಾಡೋ, ಹಳದಿ ಹಾಡೋ

ನಾನು ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಹಾಗನ್ನಿಸುವ ಸಂಭವವಿದೆ. ನಾನು ಬಟ್ಟೆ ಅಂಗಡಿಯವನು, ಅಷ್ಟೆ. ಸಾಂಗ್ಲಿಯ ಪೇಟೆಯಲ್ಲಿ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವುದು ನಮ್ಮ ಅಜ್ಜನ ಕಾಲದಿಂದ ಬಂದ ಕೆಲಸ. ಮನೆಯಲ್ಲಿ ಕನ್ನಡ, ಗಿರಾಕಿಯ ಜೊತೆ ಮರಾಠಿ, ಸಿಟ್ಟು ಬಂದಾಗ ಎರಡೂ. ಈ ಕೆಲಸದಲ್ಲಿ ಒಂದು ಮಾತು ಬಾಯಿಗೆ ಅಂಟಿಕೊಂಡುಬಿಡುತ್ತದೆ. ಗಿರಾಕಿ ಇಪ್ಪತ್ತು ಸೀರೆ ಬಿಚ್ಚಿಸಿ, ಇಪ್ಪತ್ತೊಂದನೆಯದರ ಸೆರಗನ್ನು ಬೆರಳಲ್ಲಿ ಹಿಡಿದು ಒಂದು ಕ್ಷಣ ತಡೆದರೆ ಸಾಕು, "ನನಗೂ ಇದಽ ಪಸಂದ ನೋಡ್ರಿ. ನಮ್ಮ ಮನಿಗೂ ಇದಽ ಒಯ್ದೇನಿ" ಎಂದು ನಾಲಗೆ ತಾನಾಗಿಯೇ ಹೇಳುತ್ತದೆ. ಇದು ಸುಳ್ಳಲ್ಲ, ಗಿರಾಕಿಯ ಮನಸ್ಸಿಗೆ ಕೊಡುವ ಸಣ್ಣ ಆಸರೆ. ಲೆಕ್ಕ ಹಿಡಿದರೆ ನನ್ನ ಹೆಂಡತಿಯ ಬಳಿ ಇಷ್ಟು ಹೊತ್ತಿಗೆ ನಾಲ್ಕು ಕೋಣೆ ತುಂಬುವಷ್ಟು ಸೀರೆ ಇರಬೇಕಿತ್ತು. ಒಮ್ಮೆ ಒಬ್ಬ ಗಿರಾಕಿ ಹೆಣ್ಣುಮಗಳು ಅರಿಷಿಣ ಕುಂಕುಮಕ್ಕೆಂದು ಮನೆಗೆ ಬಂದವಳು, "ನಿಮ್ಮ ಆ ಗಿಳಿಹಸಿರು ಸೀರಿ ತೋರಸ್ರಿ, ಶೇಠರು ಹೇಳಿದ್ರು" ಎಂದು ಕೇಳಿದಳಂತೆ. ನನ್ನ ಹೆಂಡತಿ ಶಾಂತವಾಗಿ, "ಒಯ್ದಿದ್ದು ಖರೆ ಇರಬೇಕವ್ವಾ. ಆದ್ರ ಈ ಮನಿಗಂತೂ ಬಂದಿಲ್ಲ" ಎಂದಳಂತೆ. ಆ ಸಂಜೆ ನನಗೆ ಚಹಾ ಸಿಗಲಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಈ ಒಂದು ಮಾತಿನಿಂದ ನನ್ನ ಮಗಳ ಮದುವೆ ಮುರಿದು ಬೀಳುವುದರಲ್ಲಿತ್ತು. ಅದಕ್ಕೆ ಕಾರಣ ಸೀರೆಯಲ್ಲ, ಬ್ಯಾಂಡು.

ಮಿರಜದ ದಸ್ತಗೀರ ಮಾಸ್ತರರ ಬ್ಯಾಂಡು ನಮ್ಮ ಕಡೆಯ ಮೂರು ತಲೆಮಾರಿನ ಮದುವೆಗಳಿಗೆ ನುಡಿಸಿದೆ. ಈಗ ಎಲ್ಲರೂ ಡಿಜೆ ತರಿಸಿ ಪಕ್ಕದ ಮನೆಯ ಕಿಟಕಿ ಗಾಜು ಒಡೆಯುತ್ತಾರೆ. ಆದರೂ ಮಾಸ್ತರರ ಕ್ಲಾರ್ನೆಟ್ಟಿಗೆ ಸೋತವರು ಇನ್ನೂ ಇದ್ದಾರೆ. ಅವರದೊಂದು ವಾಟ್ಸಾಪ್ ಗುಂಪೂ ಇದೆ. ಬ್ಯಾಂಡಿನ ಉಳಿದೆಲ್ಲ ಹಾಡುಗಳು ಸಿನೆಮಾದವು. ಎರಡು ಮಾತ್ರ ಮಾಸ್ತರರು ತಾವೇ ಕಟ್ಟಿದವು. ಒಮ್ಮೆ ಸಾಂಗ್ಲಿವಾಡಿಯಿಂದ ಬರುತ್ತಿದ್ದ ಮೆರವಣಿಗೆ ಕೃಷ್ಣೆಯ ಪೂಲಿನ ಮೇಲೆ, ಅಂದರೆ ಸೇತುವೆಯ ಮೇಲೆ, ಕಬ್ಬಿನ ಟ್ರಾಕ್ಟರುಗಳ ನಡುವೆ ಸಿಕ್ಕಿಕೊಂಡಿತಂತೆ. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ಬರುವ ಹಾಡೆಲ್ಲ ಮುಗಿದ ಮೇಲೆ ಮಾಸ್ತರರು ನಿಂತಲ್ಲೇ ಒಂದು ಹೊಸದನ್ನು ಊದಿದರು. ಅದು ಪೂಲಿನ ಹಾಡು. ಕುದುರೆಗೂ ಕಾಲು ತುಡಿಯುವಂಥ ಹಾಡು. ಅದರ ನಡುವೆ ಮಾಸ್ತರರು ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತಾರೆ. ಅವರು ಅದನ್ನು ಬಿಡುವಷ್ಟರಲ್ಲಿ ಒಂದು ಕಪ್ ಚಹಾ ಕುಡಿದು ಮುಗಿಸಿದವರಿದ್ದಾರೆ. ಇನ್ನೊಂದು ಹಳದಿ ಹಾಡು, ಮದುಮಗಳಿಗೆ ಅರಿಷಿಣ ಹಚ್ಚುವಾಗ ನುಡಿಸುತ್ತಿದ್ದದ್ದು. ಅದು ನಿಧಾನ. ಅದನ್ನು ಕೇಳಿದ ಹೆಂಗಸರು ಕೈಯಲ್ಲಿ ಅರಿಷಿಣದ ಬಟ್ಟಲು ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಾರೆ.

ಇವೆರಡರಲ್ಲಿ ಯಾವುದು ಹೆಚ್ಚು ಎಂಬ ಜಗಳ ಆ ಗುಂಪಿನಲ್ಲಿ ವರ್ಷಗಟ್ಟಲೆ ನಡೆದಿದೆ. ಹಳದಿ ಪಕ್ಷದ ನಾಯಕ ನನ್ನ ಹೆಂಡತಿಯ ತಮ್ಮ ಮಲ್ಲಪ್ಪ, ನನ್ನನ್ನು ದಾಜಿ, ಅಂದರೆ ಭಾವ, ಎಂದು ಕರೆಯುವವನು. ಸಮಡೋಳಿಯಲ್ಲಿ ಒಕ್ಕಲುತನ, ಆರಡಿ ಆಳು, ಮೀಸೆಯೇ ಒಂದು ಗೇಣು. ಹಳದಿ ಹಾಡು ಶುರುವಾದರೆ ಮಾತ್ರ ಕೂಸಿನ ಹಾಗೆ ಅಳುತ್ತಾನೆ. ಪೂಲಿನ ಪಕ್ಷಕ್ಕೆ ಮಿರಜದ ಕಾಳಿನ ವ್ಯಾಪಾರಿ ಶಿವಲಿಂಗಪ್ಪನವರು. ಕಡ್ಡಿಯಂಥ ದೇಹ, ಇಸ್ತ್ರಿ ಮಾಡಿದ ಧೋತರ, ನಕ್ಕದ್ದನ್ನು ಕಂಡವರಿಲ್ಲ. ಪೂಲಿನ ಹಾಡಿಗೆ ಮಾತ್ರ ಅವರು ಬೀದಿಯಲ್ಲಿ ಕುಣಿಯುತ್ತಾರೆ. "ಅದು ಹಾಡಲ್ಲ, ಟ್ರಾಫಿಕ್" ಎಂದು ಮಲ್ಲಪ್ಪ ಬರೆಯುತ್ತಾನೆ. "ನಿಮ್ಮದು ಲಗ್ನದ ಹಾಡೋ, ಮೂರನೇ ದಿನದ್ದೋ?" ಎಂದು ಶಿವಲಿಂಗಪ್ಪನವರು ಉತ್ತರಿಸುತ್ತಾರೆ. ನಾನು ಎರಡಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಒತ್ತುತ್ತೇನೆ. ಒಮ್ಮೆ ಮಲ್ಲಪ್ಪ ಫೋನ್ ಮಾಡಿ, "ದಾಜಿ, ಅವರು ಬರದದ್ದಕ್ಕೂ ಹೆಬ್ಬಟ್ಟ ಒತ್ತೀರಲ್ಲ?" ಎಂದು ಗದರಿಸಿದ. "ಓದೇನಿ ಅಂತ ಗುರ್ತು ಮಾಡಿದ್ದೋ ಮಾರಾಯಾ. ನಿನಗ ಒತ್ತಿದ್ದು ಮನಸಿನಿಂದ" ಎಂದೆ. ಅದನ್ನೂ ಅವನು ನಂಬಿದ.

ಅಂಥದರಲ್ಲಿ ನನ್ನ ಮಗಳು ಅಶ್ವಿನಿಗೆ ಶಿವಲಿಂಗಪ್ಪನವರ ಮಗನ ಜೊತೆಗೇ ಸಂಬಂಧ ಕುದುರಿತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಮಗಳೂ ಒಪ್ಪಿದಳು. ನಿಶ್ಚಿತಾರ್ಥದ ಊಟದಲ್ಲಿ ನಾನು ಬುಂದಿ ಬಡಿಸುತ್ತಿದ್ದೆ. ಪಂಕ್ತಿಯ ಈ ತುದಿಯಲ್ಲಿ ಕುಳಿತಿದ್ದ ಮಲ್ಲಪ್ಪ, "ದಾಜಿ, ಲಗ್ನದ ದಿನ ಮಂಗಲ ಕಾರ್ಯಾಲಯದ ಬಾಗಲದಾಗ ಹಳದಿ ಹಾಡಽ ಆಗಬೇಕು" ಎಂದ. "ಅದಕ್ಕೇನೋ, ನನಗೂ ಅದಽ ಪಸಂದ" ಎಂದೆ. ಹತ್ತು ಎಲೆ ದಾಟಿದರೆ ಬೀಗರು ಶಿವಲಿಂಗಪ್ಪನವರು. "ಬೀಗರಽ, ಬಾಗಲದಾಗ ಪೂಲಿನ ಹಾಡು. ನಾ ಕುಣ್ಯಾಂವ ಇದ್ದೇನಿ" ಎಂದರು. "ಅದಕ್ಕೇನ್ರಿ, ನನಗೂ ಅದಽ ಪಸಂದ" ಎಂದೆ. ಒಂದು ಬುಟ್ಟಿ ಬುಂದಿ ಮುಗಿಯುವುದರೊಳಗೆ ಎರಡು ಮಾತು ಕೊಟ್ಟು ಮುಗಿದಿತ್ತು. ಆಗ ನನಗೆ ಎಳ್ಳಷ್ಟೂ ಹೆದರಿಕೆ ಇರಲಿಲ್ಲ. ಮಾಸ್ತರರು ಒಂದಾದ ಮೇಲೊಂದು ಎರಡನ್ನೂ ನುಡಿಸುತ್ತಾರೆ, ಮುಗಿಯಿತು.

ಸುಪಾರಿ, ಅಂದರೆ ಮುಂಗಡ, ಕೊಟ್ಟು ಬ್ಯಾಂಡು ಗೊತ್ತುಮಾಡಲು ನಾನೂ ಹೆಂಡತಿಯೂ ಮಿರಜಕ್ಕೆ ಹೋದೆವು. ಮಾಸ್ತರರು ಕಾಟಿನ ಮೇಲೆ ದಿಂಬಿಗೆ ಒರಗಿದ್ದರು. ಎದೆಯಲ್ಲಿ ಗೊರಗೊರ ಸದ್ದು. "ಶೇಠ, ಡಾಕ್ಟರ್ ಕ್ಲಾರ್ನೆಟ್ ಮುಟ್ಟಬ್ಯಾಡ ಅಂದಾರ. ಶಿಷ್ಯಂದಿರು ಬಂದು ಬಾರಸ್ತಾರ. ಆದ್ರ ನಿಮ್ಮ ಮಗಳ ಲಗ್ನ ಅಂದ ಮ್ಯಾಲೆ ನಾ ಬರಽಬೇಕು. ಬಾಗಲದಾಗ ಒಂದು ಹಾಡು ಬಾರಸ್ತೀನಿ. ಅದಽ ಆಖರಿ" ಎಂದರು. "ಒಂದಽ ಏನ್ರಿ?" ಎಂದು ಕೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಒಂದಕ್ಕಽ ದಮ್ ಐತಿ, ಶೇಠ. ಯಾವ್ದು ಅಂತ ನೀವು ವಿಚಾರ ಮಾಡಿ ಹೇಳ್ರಿ." ಆ ಎರಡು ಹಾಡನ್ನು ಶಿಷ್ಯರು ಯಾರೂ ನುಡಿಸುವುದಿಲ್ಲ, ಮಾಸ್ತರರು ಕಲಿಸಿಯೇ ಇಲ್ಲ.

ಸಮಡೋಳಿಗೆ ಲಗ್ನಪತ್ರಿಕೆ ಕೊಡಲು ಹೋದೆ. ನಮ್ಮಲ್ಲಿ ಮದುಮಗಳ ಕೈಹಿಡಿದು ಮದುವೆಯ ಮಂಟಪಕ್ಕೆ ಕರೆತರುವವನು ಸೋದರಮಾವ; ಅವನು ಬಾರದಿದ್ದರೆ ಹುಡುಗಿ ಕೋಣೆಯಲ್ಲೇ ಕುಳಿತಿರಬೇಕು. ಮಲ್ಲಪ್ಪ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, "ಮಾಸ್ತರ ಒಂದಽ ಬಾರಸ್ತಾರಂತ, ಸುದ್ದಿ ಬಂದೈತಿ. ದಾಜಿ, ಅದು ಹಳದಿ ಹಾಡು ಆಗಲಿಲ್ಲ ಅಂದ್ರ ನಾ ಹುಡಿಗಿ ಕೈ ಹಿಡ್ಯಾಂವಲ್ಲ" ಎಂದ. ತಿರುಗಿ ಬಸ್ಸಿನಲ್ಲಿ ಕುಳಿತರೆ ಬೀಗರ ಫೋನು. "ಮಿರಜದ ಮಂದಿಗೆಲ್ಲ ಹೇಳೇನಿ, ಬೀಗರಽ, ನಾ ಕುಣೀತೀನಿ ಅಂತ. ನಿಮ್ಮ ಮಾತಿನ ಮ್ಯಾಲೆ ಹೇಳೇನಿ. ಮಾನಾಪಮಾನದ ಪ್ರಶ್ನೆ ಐತಿ." ಇಬ್ಬರಿಗೂ "ಆತ್ರಿ, ಆತೋ" ಎಂದೆ. ಅಂಗಡಿಯಲ್ಲಿ ಎರಡೂವರೆ ಮೀಟರಿನ ಅಂಗಿ ಬಟ್ಟೆ ಕೇಳಿದವರಿಗೆ ಒಂದೂವರೆ ಕತ್ತರಿಸಿದೆ. ಊಟಕ್ಕೆ ಕುಳಿತು ರೊಟ್ಟಿ ಮುರಿಯುತ್ತಲೇ ಇದ್ದೆ. ನನ್ನ ಹೆಂಡತಿ ಪಲ್ಯ ಬಡಿಸುತ್ತ, "ಒಬ್ಬರಿಗರೆ ಇಲ್ಲ ಅನ್ನಾಕ ಕಲೀರಿ" ಎಂದಳು. "ನೀ ಹೇಳೂದು ಖರೆ" ಎಂದೆ. ಅವಳು ಬಡಿಸುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು.

ಮದುವೆಯ ದಿನ ಬಂದೇಬಿಟ್ಟಿತು. ಬೆಳಗಿನ ಹತ್ತಕ್ಕೆ ಮಾರುತಿ ಗುಡಿಯಿಂದ ಮದುಮಗನ ಮೆರವಣಿಗೆ ಹೊರಟು ಮದುವೆ ನಡೆಯುವ ಕಾರ್ಯಾಲಯದ ಬಾಗಿಲಿಗೆ ಬಂದು ನಿಂತಿತು. ಮಾಸ್ತರರು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು, ಬಂಗಾರದ ಗುಂಡಿಯ ಹಳೆಯ ಕೋಟು, ತೊಡೆಯ ಮೇಲೆ ಕ್ಲಾರ್ನೆಟ್. ಬೀಗರು ಶಲ್ಯವನ್ನು ಸೊಂಟಕ್ಕೆ ಬಿಗಿದು ತಯಾರಾಗಿದ್ದರು. ತಲೆಗೆ ಫೇಟಾ ಸುತ್ತಿಕೊಂಡ ಮಲ್ಲಪ್ಪ ಮದುಮಗಳ ಕೋಣೆಯಿಂದಿಳಿದು ಬಂದು ಎದೆಯ ಮೇಲೆ ಕೈಕಟ್ಟಿ ನಿಂತ. ಶಿಷ್ಯರು ನುಡಿಸುವುದನ್ನು ನಿಲ್ಲಿಸಿದರು. "ಶೇಠ, ಹೇಳ್ರಿ. ಯಾವ್ದು?" ಎಂದರು ಮಾಸ್ತರರು. ಇನ್ನೂರು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಕ್ಷತೆಯ ಹೊತ್ತು ಹತ್ತಿರವಾಗುತ್ತಿತ್ತು. ನಾನು ಮಲ್ಲಪ್ಪನನ್ನು ನೋಡಿದೆ, ಬೀಗರನ್ನು ನೋಡಿದೆ, ಮದುಮಗ ಏರಿ ಬಂದ ಕುದುರೆಯನ್ನೂ ನೋಡಿದೆ. ಕೊನೆಗೆ, "ಮಾಸ್ತರ, ನಿಮಗ ಯಾವ್ದು ಪಸಂದೋ ಅದಽ..." ಎಂದು ತೊದಲಿದೆ.

"ನನಗ ಎರಡೂ ಮಕ್ಕಳಿದ್ದಂಗ. ನಾ ಏನ್ ಹೇಳಲಿ?" ಎಂದ ಮಾಸ್ತರರು ಸ್ವಲ್ಪ ಉಸಿರು ತೆಗೆದುಕೊಂಡು ಕೇಳಿದರು, "ಹುಡಿಗೀನ ಕೇಳೀರೇನು?"

ಕೇಳಿರಲಿಲ್ಲ. ಒಂದೂವರೆ ತಿಂಗಳು ಸಮಡೋಳಿಗೂ ಮಿರಜಕ್ಕೂ ಓಡಾಡಿದವನಿಗೆ, ಅದೇ ಮನೆಯಲ್ಲಿ ಎದುರಿಗೆ ಕುಳಿತು ಊಟ ಮಾಡುತ್ತಿದ್ದ ಮಗಳನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಬೀಗರು ಕೆಮ್ಮಿದರು. ಮಲ್ಲಪ್ಪ ಕಟ್ಟಿದ ಕೈ ಬಿಚ್ಚಿದ. "ಆಕಿ ಏನ್ ಹೇಳ್ತಾಳ ಅದಽ ಆಗಲಿ. ಹೋಗ್ರಿ ದಾಜಿ, ಲಗೂನ" ಎಂದ. ಬೀಗರೂ ತಲೆಯಾಡಿಸಿದರು.

ನಾನು ಧೋತರ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಹೆಂಡತಿ ಮಗಳ ಮುಡಿಗೆ ಹೂವು ಸಿಗಿಸುತ್ತಿದ್ದಳು. "ಅಶ್ವಿನಿ, ಬಾಗಲದಾಗ ನಿನಗ ಯಾವ ಹಾಡು ಬೇಕವಾ?" ಎಂದೆ, ಏದುಸಿರು ಬಿಡುತ್ತ. ಅಶ್ವಿನಿಗೆ ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. "ಪಪ್ಪಾ, ತುಮ್ಹಾಲಾ ಕುಠಲಂ ಆವಡತಂ?" ಎಂದಳು. ನಿಮಗೆ ಯಾವುದು ಇಷ್ಟ?

ಈ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿ ಬಹಳ ವರ್ಷವಾಗಿತ್ತು. ಅಂಗಡಿಯವನಿಗೆ ಇಷ್ಟ ಯಾವುದೆಂದು ಯಾರು ಕೇಳುತ್ತಾರೆ? ಒಳಗೆ ಏನಾದರೂ ಇದೆಯೋ ಇಲ್ಲವೋ ಎಂದು ನನಗೇ ಭಯವಾಯಿತು. ಆಗ ನೆನಪಾಯಿತು. ಇವಳು ಎರಡು ವರ್ಷದವಳಿದ್ದಾಗ ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ, ಸೀರೆಗಳ ನಡುವೆ ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದೆ. ಗಿರಾಕಿ ಇಲ್ಲದ ಹೊತ್ತು. ಗುನುಗುತ್ತಿದ್ದದ್ದು ಹಳದಿ ಹಾಡು. ಯಾರ ಮುಖವನ್ನೂ ನೋಡದೆ ಗುನುಗುತ್ತಿದ್ದೆ.

"ಹಳದಿ ಹಾಡು" ಎಂದೆ.

ಮಗಳು ನಕ್ಕು, ಅಪರೂಪಕ್ಕೆ ಕನ್ನಡದಲ್ಲಿ, "ನನಗೂ ಅದಽ ಪಸಂದ, ಪಪ್ಪಾ" ಎಂದಳು.

ಮಾಸ್ತರರು ನುಡಿಸಿದರು. ಎರಡು ಕಡೆ ಉಸಿರು ಒಡೆಯಿತು, ಯಾರೂ ಅದನ್ನು ಕೇಳಿಸಿಕೊಂಡವರಂತೆ ತೋರಿಸಲಿಲ್ಲ. ಮಲ್ಲಪ್ಪ ಫೇಟಾದ ತುದಿಯಿಂದ ಕಣ್ಣೊರೆಸಿಕೊಂಡ. ಸೊಂಟಕ್ಕೆ ಶಲ್ಯ ಬಿಗಿದುಕೊಂಡ ಬೀಗರಿಗೆ ಸುಮ್ಮನೆ ನಿಲ್ಲುವುದು ಹೇಗೆಂದು ತಿಳಿಯಲಿಲ್ಲ; ಎರಡೂ ಕೈ ಮೇಲೆತ್ತಿ, ಆ ನಿಧಾನದ ಹಾಡಿಗೇ ನೀರಿನಲ್ಲಿ ನಡೆಯುವವರ ಹಾಗೆ ಕುಣಿದರು. ಮಿರಜದ ಮಂದಿ ಚಪ್ಪಾಳೆ ತಟ್ಟಿದರು. ಹಾಡು ಮುಗಿದ ಮೇಲೆ ಮಾಸ್ತರರು ಕ್ಲಾರ್ನೆಟ್ಟನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರು. ನಾನು ಮನಸಾರೆ ಅತ್ತೆ. ಮಗಳಿಗೂ ನನಗೂ ಒಂದೇ ಹಾಡು ಇಷ್ಟ ಎಂಬ ಹಿಗ್ಗು ಅದರಲ್ಲಿ ಅರ್ಧ ಇತ್ತು.

ಎಂಟು ದಿನಕ್ಕೆ ಮಗಳು ತವರಿಗೆ ಬಂದಳು. ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತಿದ್ದೆವು. ಅಡುಗೆಮನೆಯ ಮಾಡದಲ್ಲಿ ಇಟ್ಟಿದ್ದ ಅವಳ ಫೋನು ಮೊಳಗಿತು. ಪೂಲಿನ ಹಾಡು! ಮಾಸ್ತರರು ಆ ಉದ್ದನೆಯ ಸ್ವರ ಹಿಡಿದು ನಿಂತ ಭಾಗ. ಅಶ್ವಿನಿ ಎಂಜಲಗೈಯಲ್ಲೇ ಎದ್ದು ಹೋಗಿ ಅದರ ಬಾಯಿ ಮುಚ್ಚಿದಳು.

"ಅಳಿಯಂದಿರು ಹಾಕಿಕೊಟ್ಟಾರೇನವಾ?" ಎಂದು ಕೇಳಿದೆ.

"ನಾಹೀ ಪಪ್ಪಾ" ಎಂದವಳು ತಾಟು ನೋಡುತ್ತ, ತಡೆದು ತಡೆದು ಕನ್ನಡದಲ್ಲಿ ಹೇಳಿದಳು, "ಕಾಲೇಜದಾಗಿಂದ ಇದಽ ಐತಿ. ಮನ್ಯಾಗ ಸೈಲೆಂಟ್ ಇಡತಿದ್ದೆ."

"ಮತ್ತ ಅವತ್ತ ಯಾಕ ಹಂಗ ಹೇಳಿದಿ?"

ನನ್ನ ತಾಟಿಗೆ ಮೊಸರು ಹಾಕುತ್ತ ಹೆಂಡತಿ ಹೇಳಿದಳು, "ಅಂಗಡಿ ಗಾದಿ ಮ್ಯಾಲೆ ಬೆಳದಾಕಿ ಅಲ್ಲೇನ್ರಿ."

ಇಷ್ಟು ವರ್ಷ ಆ ಮಾತನ್ನು ಎಷ್ಟು ಜನರಿಗೆ ದಾಟಿಸಿದ್ದೆನೋ. ನನಗೇ ಯಾರಾದರೂ ದಾಟಿಸಿದ್ದು ಅದೇ ಮೊದಲು, ಅದನ್ನು ನಾನು ಕಣ್ಣೀರು ಸುರಿಸುತ್ತ ಒಪ್ಪಿಕೊಂಡಿದ್ದೆ. ಮಾಸ್ತರರಲ್ಲಿ ಉಳಿದಿದ್ದ ಒಂದೇ ಹಾಡಿನ ದಮ್ಮು ಮಗಳ ಮದುವೆಯಲ್ಲಿ ಅಪ್ಪನ ಇಷ್ಟಕ್ಕೆ ಖರ್ಚಾಗಿತ್ತು. ಸಂಕಟವಾಯಿತು. ಮಗಳ ಮುಖ ಸಣ್ಣದಾಗಿದ್ದನ್ನು ನೋಡಿ ಇನ್ನೂ ಸಂಕಟವಾಯಿತು. ಅಷ್ಟರಲ್ಲಿ ಫೋನು ಮತ್ತೆ ಮೊಳಗಿತು, ಅವಳು ಮತ್ತೆ ಏಳಹೋದಳು.

"ಇರಲಿ ಬಿಡವಾ, ಬಾರಸಲಿ" ಎಂದೆ. "ಖರೆ ಹೇಳಬೇಕಂದ್ರ, ನನಗೂ ಇದಽ ಪಸಂದ."